ಬೀಗ ಹಾಕಿದ ಮನೆಗೆ ಹೋದ ನೋಟಿಸು

ಚೆಕ್ ಬೌನ್ಸ್ ಆದ ದಿನ ನನಗೆ ಸಿಟ್ಟಿಗಿಂತ ಜಾಸ್ತಿ ನಾಚಿಕೆ ಆಯಿತು. ಬ್ಯಾಂಕಿನ ಹುಡುಗ ‘ಖಾತೆಯಲ್ಲಿ ಹಣ ಸಾಲದು’ ಎಂಬ ಮೆಮೊ ಕೊಟ್ಟಾಗ, ಹಿಂದೆ ನಿಂತವರು ಓದಿಬಿಟ್ಟರೇನೋ ಅಂತ ಮಡಚಿ ಜೇಬಿಗೆ ಹಾಕಿಕೊಂಡೆ. ತಪ್ಪು ನಂದಲ್ಲ, ಆದರೂ.

ಅದು 2018ರ ಜೂನ್ 14. ನಮ್ಮ ಬೀದಿಯಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಗೆಳೆಯರಿಗೆ 1,20,000 ರೂಪಾಯಿ ಕೈಸಾಲ ಕೊಟ್ಟಿದ್ದೆ. ವರ್ಷ ಕಳೆದ ಮೇಲೆ ಜೂನ್ 11ರ ತಾರೀಖು ಹಾಕಿ ಚೆಕ್ ಕೊಟ್ಟಿದ್ದರು. ಫೋನ್ ಮಾಡಿದರೆ “ಮೇಷ್ಟ್ರೇ, ಇನ್ನೊಂದು ಹದಿನೈದು ದಿನ” ಅಂದರು. ಹದಿನೈದು ದಿನ ಆಯಿತು. ಆಮೇಲೆ “ಆಷಾಢದಲ್ಲಿ ವ್ಯಾಪಾರ ಎಲ್ಲಿ ಮೇಷ್ಟ್ರೇ” ಅಂದರು. ಅದೂ ಸರಿಯೇ ಅನಿಸಿತು. ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟರು.

ಪೊಲೀಸ್ ಠಾಣೆಗೆ ಹೋದೆ. “ಇದು ನೇರ ಕೋರ್ಟಿಗೆ ಹೋಗೋ ಕೇಸು, ವಕೀಲರನ್ನ ನೋಡಿ” ಎಂದು ಕಳಿಸಿದರು. ಊರಲ್ಲಿ ವಕೀಲಿಕೆ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಜುಲೈ 27ಕ್ಕೆ ಅವಳ ಆಫೀಸಿಗೆ ಹೋದೆ.

ಮೆಮೊ ನೋಡಿದವಳೇ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು. “ಸಾರ್, ಮೆಮೊ ಬಂದ 30 ದಿನದೊಳಗೆ ದುಡ್ಡು ಕೊಡಿ ಅಂತ ಅವರಿಗೆ ನೋಟಿಸ್ ಕಳಿಸಬೇಕಿತ್ತು. ಕಳಿಸಿದ್ರಾ?”

ಎಲ್ಲಿ ಕಳಿಸಿದ್ದೆ? ಮರ್ಯಾದಸ್ಥನಂತೆ ಕಾಯುತ್ತಾ ಕೂತಿದ್ದೆ. ಅವರ ಒಂದೊಂದು ‘ಇನ್ನು ಸ್ವಲ್ಪ ದಿನ’ವೂ ನನ್ನ ಮೂವತ್ತರಲ್ಲೇ ಕಳೆಯುತ್ತಿತ್ತು ಅಂತ ಆಗ ಗೊತ್ತಾಯಿತು. ಕೂಡುವುದು ಕಳೆಯುವುದು ಅವಳಿಗೆ ಹೇಳಿಕೊಟ್ಟವನು ನಾನೇ.

ನನ್ನ ಮುಖ ನೋಡಿ ಅವಳಿಗೆ ಪಾಪ ಅನಿಸಿರಬೇಕು. ಚೆಕ್ ತಿರುಗಿಸಿ ನೋಡಿದಳು. “ಚೆಕ್ಕಿಗೆ ಮೂರು ತಿಂಗಳು ಆಯಸ್ಸು ಸಾರ್. ಇದಿನ್ನೂ ಬದುಕಿದೆ. ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ 30 ದಿನ ಹೊಸದಾಗಿ ಶುರು. ಸುಪ್ರೀಂ ಕೋರ್ಟೇ 2012ರಲ್ಲಿ ಹಾಗೆ ಹೇಳಿದೆ.” ಗೆಳೆಯರ ಚೆಕ್ ಬೌನ್ಸ್ ಆಗಲಿ ಅಂತ ದೇವರಿಗೆ ಕೈಮುಗಿಯುವ ಪರಿಸ್ಥಿತಿ ಬಂತು. ಜುಲೈ 31ಕ್ಕೆ ಆಯಿತು ಕೂಡ!

ದುಡ್ಡು ಹೇಗೆ ಕೊಟ್ಟಿರಿ ಅಂತಲೂ ಕೇಳಿದಳು. ಪುಣ್ಯಕ್ಕೆ ಬ್ಯಾಂಕ್ ಮೂಲಕವೇ ಹಾಕಿದ್ದೆ. ಇಪ್ಪತ್ತು ಸಾವಿರ ಮತ್ತು ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲವಂತೆ. ಕೈಸಾಲ ಎಂಬ ಪದದಲ್ಲೇ ಕೈ ಇದೆಯಲ್ಲ, ಯಾರು ಬ್ಯಾಂಕಿಗೆ ಹೋಗುತ್ತಾರೆ?

ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಹಾಗೇ ವಾಪಸ್ಸೂ ಬಂತು. ಲಕೋಟೆ ಮೇಲೆ ‘ಡೋರ್ ಲಾಕ್ಡ್’ ಎಂದು ಷರಾ. ನಾನು ಆ ಮನೆ ಮುಂದೆಯೇ ದಿನಾ ಹಾಲು ತರಲು ಹೋಗುತ್ತಿದ್ದೆ, ಬಾಗಿಲು ತೆರೆದೇ ಇರುತ್ತಿತ್ತು. “ಬಿಡಿ ಸಾರ್, ವಿಳಾಸ ಸರಿಯಿದ್ದರೆ ತಲುಪಿದಂತೆಯೇ ಲೆಕ್ಕ” ಎಂದಳು. ಹದಿನೈದು ದಿನ ಕಾದು, ಅಲ್ಲಿಂದ ಒಂದು ತಿಂಗಳು ಮುಗಿಯುವ ಮೊದಲೇ ದೂರು ಹಾಕಿದಳು. ಚೆಕ್ ಬೌನ್ಸ್‌ಗೆಂದೇ ಇರುವ ಸೆಕ್ಷನ್ 138. ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಕೇಳಿ ನನಗೇ ಹೆದರಿಕೆಯಾಯಿತು. ನನಗೆ ಬೇಕಿದ್ದದ್ದು ನನ್ನ ದುಡ್ಡು, ಅವರ ಜೈಲಲ್ಲ.

ಆಮೇಲೆ ಮುದ್ದತ್ತುಗಳು. ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು. ಅಟೆಂಡರ್ ಹೆಸರು ಕೂಗಿದಾಗ ಕೈಕಟ್ಟಿ ಎದ್ದು ನಿಲ್ಲುವುದು. ನಲವತ್ತು ವರ್ಷ ಹಾಜರಿ ಕೂಗಿದವನು ನಾನು! ಒಮ್ಮೆ ಸಮನ್ಸ್ ಜಾರಿಯಾಗಿಲ್ಲ, ಒಮ್ಮೆ ಅವರ ವಕೀಲರಿಗೆ ಹುಷಾರಿಲ್ಲ. ಎರಡು ನಿಮಿಷಕ್ಕೆ ಮುಂದಿನ ತಾರೀಖು.

ಕೊನೆಗೆ 2019ರ ಒಂದು ಶನಿವಾರ ಲೋಕ ಅದಾಲತ್‌ಗೆ ಹಾಕಿದರು. ಗೆಳೆಯರು ಬಂದಿದ್ದರು, ಸೊರಗಿದ್ದರು. ಅಂಗಡಿಯಲ್ಲಿ ನಿಜಕ್ಕೂ ನಷ್ಟವಾಗಿತ್ತು, ನನ್ನ ಹತ್ತಿರ ಹೇಳಿಕೊಳ್ಳಲಾಗದೆ ತಪ್ಪಿಸಿಕೊಂಡು ಓಡಾಡಿದ್ದರು. ಬಡ್ಡಿ ಬೇಡ, ಅಸಲನ್ನು ಎರಡು ಕಂತಿನಲ್ಲಿ ಕೊಡಿ ಎಂದೆ. ಅದಾಲತ್ತಿನ ರಾಜಿಗೆ ಮೇಲ್ಮನವಿ ಇಲ್ಲ, ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ ಅಂತ ಜಡ್ಜ್ ಇಬ್ಬರಿಗೂ ತಿಳಿಸಿ ಹೇಳಿದರು. ಇಬ್ಬರೂ ಸಹಿ ಹಾಕಿದೆವು. ಎರಡೂ ಕಂತು ಹೇಳಿದ ದಿನವೇ ಬಂದವು.

ಮರುವರ್ಷದ ಆರಂಭದಲ್ಲಿ ಅಂಚೆಯಲ್ಲಿ ಅವರ ಮಗಳ ಮದುವೆಯ ಲಗ್ನಪತ್ರಿಕೆ ಬಂತು. ಒಂದೇ ಬೀದಿ, ಕೈಯಲ್ಲೇ ಕೊಡಬಹುದಿತ್ತು. ಹೆಂಡತಿ ಲಕೋಟೆ ಹಿಡಿದುಕೊಂಡು, “ಮನೆ ಬೀಗ ಅಂತ ಬರೆಸಿ ವಾಪಸ್ ಕಳಿಸೋಣ್ವಾ?” ಎಂದಳು.

ಹೋಗಿ ಊಟ ಮಾಡಿ ಬಂದೆವು. ಮುಯ್ಯಿ ನಗದಾಗಿಯೇ ಕೊಟ್ಟೆ.