ಟರ್ಮಿನಲ್‌ನಲ್ಲಿ ತಬೆಬುಯಾ: ಫ್ರೇಮ್‌ಗಳಿಗೆ ಬಣ್ಣ ಬಂತು

ಜಯನಗರದ ನಮ್ಮ ರಸ್ತೆಯ ತಬೆಬುಯಾ ಮರ ಹೂ ಉದುರಿಸುವುದನ್ನು ಅಕ್ಷರಗಳಲ್ಲೇ ಬರೆದು ಟರ್ಮಿನಲ್‌ನಲ್ಲಿ, ಅಂದರೆ ಅಕ್ಷರಗಳನ್ನಷ್ಟೇ ತೋರಿಸುವ ಕಂಪ್ಯೂಟರ್ ಕಿಟಕಿಯಲ್ಲಿ, ಓಡಿಸುವ ಕೆಲಸ ಮೂರನೇ ವಾರಕ್ಕೆ ಬಂದಿದೆ. ಒಂದರ ಹಿಂದೊಂದು ಓಡುವ 60 ಬಿಡಿ ಚಿತ್ರಗಳೂ (ಫ್ರೇಮ್‌ಗಳೂ) ಕಪ್ಪು ಬಿಳುಪಿನಲ್ಲಿ ಆಗಲೇ ಸಿದ್ಧವಿದ್ದವು. ಈ ವಾರವೆಲ್ಲ ಹೋದದ್ದು ಅವಕ್ಕೆ ಬಣ್ಣ ಹಾಕಿ ಫೈಲಿಗೆ ಇಳಿಸುವುದರಲ್ಲಿ.

ಚಿತ್ರದ ಅಳತೆ 80 ಅಂಕಣ, 24 ಸಾಲು. 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದ ಪರದೆಯೂ ಇಷ್ಟೇ ಇತ್ತು. ಒಂದೊಂದು ಅಕ್ಷರ ಕೂರುವ ಜಾಗವನ್ನು ನಾನು ಚೌಕಾಬಾರದ ಲೆಕ್ಕದಲ್ಲಿ ಮನೆ ಎಂದೇ ಕರೆಯುತ್ತೇನೆ. ಮನೆಯ ಎತ್ತರ ಅದರ ಅಗಲದ ಸುಮಾರು ಎರಡು ಪಟ್ಟು. ಆದ್ದರಿಂದ ಮೇಲರ್ಧ ಮಾತ್ರ ತುಂಬಿದ ▀ ಅಕ್ಷರವನ್ನು ಬಳಸಿ, ಅಕ್ಷರದ ಬಣ್ಣವನ್ನು ಮೇಲಿನ ಚುಕ್ಕಿಗೂ ಹಿನ್ನೆಲೆಯ ಬಣ್ಣವನ್ನು ಕೆಳಗಿನ ಚುಕ್ಕಿಗೂ ಕೊಟ್ಟರೆ ಒಂದೇ ಮನೆಯಲ್ಲಿ ಎರಡು ಚುಕ್ಕಿಗಳು ಕೂರುತ್ತವೆ. ಹೂವಿನ ಎಸಳಿಗೆ ಇಷ್ಟು ಸೂಕ್ಷ್ಮ ಬೇಕೇ ಬೇಕು.

ಬಣ್ಣದಲ್ಲಿ ಎರಡು ಸಂಜೆ ಕಳೆದವು. ಟರ್ಮಿನಲ್‌ನ 256 ಬಣ್ಣಗಳಲ್ಲಿ ಮೊದಲ 16 ಹಳೆಯ ಮೂಲ ಬಣ್ಣಗಳು, ಕೊನೆಯ 24 ಬೂದು ಛಾಯೆಗಳು. ನಡುವಿನ 216 ಮಾತ್ರ ಕೆಂಪು, ಹಸಿರು, ನೀಲಿಗೆ 0ರಿಂದ 5ರವರೆಗೆ ತಲಾ ಆರು ಮೆಟ್ಟಿಲಿನಂತೆ ಹೆಣೆದವು. ಕೆಂಪಿನ ಮೆಟ್ಟಿಲನ್ನು 36ರಿಂದ, ಹಸಿರಿನದನ್ನು 6ರಿಂದ ಗುಣಿಸಿ, ನೀಲಿಯದನ್ನೂ 16ನ್ನೂ ಕೂಡಿಸಿದರೆ ಬಣ್ಣದ ಸಂಖ್ಯೆ ಸಿಗುತ್ತದೆ. ನಾನು ತೆಗೆದ ಫೋಟೋದಲ್ಲಿ ಎಸಳಿನ ಕೆಂಪು, ಹಸಿರು, ನೀಲಿಯ ಬೆಲೆ, 255ಕ್ಕೆ, 226, 150, 186. ಆರು ಮೆಟ್ಟಿಲೆಂದರೆ ಸಮನಾಗಿ ಇರುತ್ತವೆಂದು ತಿಳಿದು ಮೂರನ್ನೂ 255ರ ಐದನೇ ಒಂದು ಭಾಗವಾದ 51ರಿಂದ ಭಾಗಿಸಿ ಹತ್ತಿರದ ಪೂರ್ಣಸಂಖ್ಯೆ ಹಿಡಿದೆ. ಬಂದದ್ದು 182ನೆಯ ಬಣ್ಣ. ಪರದೆಯಲ್ಲಿ ನೋಡಿದ ತಂಗಿ, "ಅಣ್ಣಾ, ಇದು ಜಕರಾಂಡ ಅಲ್ಲವೇ?" ಎಂದಳು. ಅವಳ ಮಾತು ನಿಜ, ಮರ ಪೂರ್ತಿ ತಿಳಿನೇರಳೆಗೆ ತಿರುಗಿತ್ತು.

ಮೆಟ್ಟಿಲುಗಳು ಸಮನಾಗಿಲ್ಲ. ಅವು 0, 95, 135, 175, 215, 255. ಸೊನ್ನೆಯಿಂದ ಒಂದೇ ನೆಗೆತಕ್ಕೆ 95, ಆಮೇಲೆ ನಲವತ್ತು ನಲವತ್ತರ ಹೆಜ್ಜೆ. 150ಕ್ಕೆ ಹತ್ತಿರದ್ದು 135. ನನ್ನ ಭಾಗಾಕಾರ ಅದನ್ನು 175ಕ್ಕೆ ಹತ್ತಿಸಿತ್ತು. ಹತ್ತಿರದ ಮೆಟ್ಟಿಲನ್ನು ಹುಡುಕುವಂತೆ ಬರೆದ ಮೇಲೆ ಸಿಕ್ಕಿದ್ದು 175ನೆಯ ಬಣ್ಣ. ಬೆಳಿಗ್ಗೆ ಕಾಲುದಾರಿಯಲ್ಲಿ ಬಿದ್ದಿರುವ, ಅಂಚು ಬಾಡದ ಹೂವಿನ ಗುಲಾಬಿ ಅದೇ. ಬಿಸಿಲು ಬೀಳುವ ಕಡೆ 218 ಹಾಕಿದ್ದೇನೆ. ಬಹಳ ಹೊತ್ತು ಸುಮ್ಮನೆ ನೋಡುತ್ತಾ ಕುಳಿತಿದ್ದೆ.

ಇನ್ನು ಫೈಲಿನ ತೂಕ. ಎರಡೂ ಬಣ್ಣಗಳನ್ನು ಟರ್ಮಿನಲ್‌ಗೆ ಹೇಳುವ, ಪರದೆಯಲ್ಲಿ ಕಾಣದ ಆಜ್ಞೆಗೆ (ಎಸ್ಕೇಪ್ ಕೋಡಿಗೆ) 20 ಬೈಟ್, ▀ ಅಕ್ಷರಕ್ಕೆ 3. ಒಂದು ಫ್ರೇಮಿನ 1920 ಮನೆಗಳಿಗೆ 44,160 ಬೈಟ್. 60 ಫ್ರೇಮಿಗೆ 26 ಲಕ್ಷ ದಾಟುತ್ತದೆ. ಆದರೆ ಟರ್ಮಿನಲ್ ಒಮ್ಮೆ ಹೇಳಿದ ಬಣ್ಣವನ್ನು ಮತ್ತೊಂದು ಹೇಳುವವರೆಗೂ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಬಣ್ಣ ಬದಲಾದಾಗ ಮಾತ್ರ ಕೋಡ್ ಬರೆಯಿಸಿದೆ. ಆಮೇಲೆ ಹಿಂದಿನ ಫ್ರೇಮಿಗಿಂತ ಬೇರೆಯಾದ ಮನೆಗಳಿಗಷ್ಟೇ ಕರ್ಸರ್ ಒಯ್ದು ಬರೆಯಿಸಿದೆ. ಕಾಂಡ, ಆಕಾಶ, ಗೋಡೆ ಮೊದಲ ಫ್ರೇಮಿನಲ್ಲಿ ಒಮ್ಮೆ ಬಂದರೆ ಮುಗಿಯಿತು. ಉಳಿದ 59ರಲ್ಲಿ ಎಸಳುಗಳು ಮಾತ್ರ. ಪ್ರತಿ ಫ್ರೇಮಿಗೂ ಪರದೆ ಅಳಿಸುತ್ತಿದ್ದಾಗ ಕಾಣುತ್ತಿದ್ದ ಮಿಣುಕೂ ಇದರಿಂದಲೇ ನಿಂತಿತು.

ನಡುವೆ ನಿಲ್ಲಿಸಿದರೆ ಕರ್ಸರ್ ಮಾಯವಾಗಿ, ಆಮೇಲೆ ಬೆರಳಚ್ಚಿಸಿದ್ದೆಲ್ಲ ಗುಲಾಬಿಯಾಗಿ ಉಳಿಯುತ್ತಿತ್ತು. ಯಾವ ರೀತಿಯಲ್ಲಿ ನಿಂತರೂ ಬಣ್ಣ ಕಳಚಿ ಕರ್ಸರ್ ಮರಳಿಸುವ ಎರಡು ಸಾಲುಗಳನ್ನು ಚಿತ್ರ ಓಡಿಸುವ ಪುಟ್ಟ ಪ್ರೋಗ್ರಾಮಿಗೆ (ಸ್ಕ್ರಿಪ್ಟಿಗೆ) ಸೇರಿಸಿದ್ದೇನೆ.

ಕಷ್ಟ ಕೊಟ್ಟದ್ದು ಊರಿನ ಹೆಸರು. ಮರದ ಕೆಳಗೆ "ಬೆಂಗಳೂರು" ಎಂದು ಕನ್ನಡದಲ್ಲಿ ಬರಲೇಬೇಕೆಂಬುದು ನನ್ನ ಹಟ. ಕಣ್ಣಿಗೆ ಕಾಣುವ ಅಕ್ಷರ ನಾಲ್ಕು. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎಂಟು ಸಂಕೇತ, 24 ಬೈಟ್. ನನ್ನ ಟರ್ಮಿನಲ್ ಅದಕ್ಕೆ ಏಳು ಮನೆ ಕೊಡುತ್ತದೆ: ಎತ್ವಕ್ಕೆ ಜಾಗ ಕೊಡುವುದಿಲ್ಲ, ಸೊನ್ನೆಗೂ ಕೊಂಬಿಗೂ ಒಂದೊಂದು ಮನೆ ಕೊಡುತ್ತದೆ. ನನ್ನ ಸ್ಕ್ರಿಪ್ಟ್ ಎಣಿಸಿದ್ದು ಎಂಟು. ಆ ಸಾಲಿನ ಬಲಗಡೆ ಎಲ್ಲವೂ ಒಂದು ಮನೆ ಎಡಕ್ಕೆ ಸರಿದು, ಬೀಳುವ ಎಸಳುಗಳು ಅಲ್ಲಿ ಬಂದಾಗ ಕೊಂಕುತ್ತಿದ್ದವು. ಏಳೆಂದು ತಿದ್ದಿದರೆ ಇಲ್ಲಿ ಸರಿಹೋಗುತ್ತದೆ, ಬೇರೆ ಟರ್ಮಿನಲ್‌ನಲ್ಲಿ ಕೆಡುತ್ತದೆ.

ಕೊನೆಗೆ ಅಕ್ಷರಗಳನ್ನೇ ಚುಕ್ಕಿ ಚಿತ್ರವಾಗಿ ಬರೆಯಲು ನಿರ್ಧರಿಸಿದೆ. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. 12 ಚುಕ್ಕಿ ಎತ್ತರದಲ್ಲಿ "ಗ" ಮತ್ತು "ರು" ಚೆನ್ನಾಗಿ ಕೂತವು, "ಬೆಂ" ಎರಡನೇ ಸಲಕ್ಕೆ ಸರಿಯಾಯಿತು. "ಳೂ" ಇನ್ನೂ ಆಗಿಲ್ಲ. ಒಳಗಿನ ಸುರುಳಿ ಉಳಿಸಿಕೊಂಡರೆ ಕೊಂಬಿನ ದೀರ್ಘಕ್ಕೆ ಜಾಗ ಸಾಲುವುದಿಲ್ಲ. 14 ಚುಕ್ಕಿಗೆ ಏರಿಸಿ ನಾಲ್ಕನ್ನೂ ಮತ್ತೆ ಬರೆಯುತ್ತೇನೆ. ಅದಕ್ಕೆ ನೆಲದ ಒಂದು ಸಾಲು ಬಿಟ್ಟುಕೊಡಬೇಕು.