ಮುಂಬಯಿಗೆ ಬಂದ ಎರಡು ಕನ್ನಡ ದಾರಿಗಳು: ಮಳೆಗಾಲದ ಕೆಲಸ ಎಲ್ಲಿಗೆ ಬಂತು

ಮುಂಬಯಿ ಕನ್ನಡಿಗರ ವಲಸೆಯನ್ನು ನಕ್ಷೆಗೆ ಇಳಿಸುವ ನನ್ನ ಭಾನುವಾರದ ಕೆಲಸ ಈ ಮಳೆಗಾಲದಲ್ಲಿ ಚೆನ್ನಾಗಿ ಸಾಗಿತು. ಕಳೆದ ಸಲ ಬರೆದಾಗ ಕೈಯಲ್ಲಿದ್ದದ್ದು ಕರಾವಳಿಯವರ ಮಾತುಕತೆ ಮಾತ್ರ. ಈಗ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರದ್ದೂ ಸಾಕಷ್ಟು ಸೇರಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಹಂತಕ್ಕೆ ಬಂದಿದ್ದೇನೆ.

ಹೊಸದಾಗಿ ಓದುವವರಿಗೆ ಹಿನ್ನೆಲೆ ಇಷ್ಟು. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹೋಟೆಲ್ ಹಿಡಿದವರು ಒಂದು ಕಡೆ. ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರು ಇನ್ನೊಂದು ಕಡೆ. ಅವರಲ್ಲಿ ಲಂಬಾಣಿಗಳು ಬಹಳ. ಮೊದಲನೆಯವರ ಮನೆಮಾತು ಹೆಚ್ಚಾಗಿ ತುಳು ಅಥವಾ ಕುಂದಗನ್ನಡ, ಎರಡನೆಯವರಲ್ಲಿ ಅನೇಕರದು ಲಂಬಾಣಿಗಳ ಮಾತಾದ ಗೋರ್‌ಬೋಲಿ. ಸರಕಾರದ ಕಾಗದದಲ್ಲಿ ಇಬ್ಬರೂ ಕರ್ನಾಟಕದವರೇ. ಆದರೆ ಒಬ್ಬರ ಮೊಮ್ಮಕ್ಕಳು ಸಿಎ ಓದುತ್ತಿದ್ದಾರೆ, ಇನ್ನೊಬ್ಬರ ಮೊಮ್ಮಕ್ಕಳು ಅಪ್ಪ-ಅವ್ವನ ಜೊತೆಗೇ ಸೈಟಿನಲ್ಲಿದ್ದಾರೆ. ಏಕೆ ಹೀಗಾಯಿತು ಎಂಬುದು ನನ್ನ ಪ್ರಶ್ನೆ.

ನಾನು ಕರಾವಳಿಯವನು. ಅಜ್ಜ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆದು ಬದುಕು ಶುರು ಮಾಡಿದವರು. "ನಾವೂ ಬರಿಗೈಯಲ್ಲೇ ಬಂದದ್ದು, ದುಡಿದು ಮೇಲೆ ಬಂದೆವು, ಅವರಿಗೇನು ಕಷ್ಟ" ಎಂಬ ಮಾತನ್ನು ನಮ್ಮ ಮದುವೆಮನೆಗಳಲ್ಲಿ ಕೇಳುತ್ತಲೇ ಬೆಳೆದೆ. ದುಡಿದದ್ದು ನಿಜ, ಬರಿಗೈಯೂ ನಿಜ. ಆದರೆ ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ಅನ್ನಿಸುತ್ತಿರುವುದು ಇದು: ದುಡಿಮೆಯಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ, ಬಂದಿಳಿದ ಮೊದಲ ರಾತ್ರಿ ಮಲಗಲು ಜಾಗ, ಉಣ್ಣಲು ಊಟ, ಸಂಜೆ ಕೂರಲು ಶಾಲೆಯ ಬೆಂಚು ಯಾರಿಗೆ ಸಿಕ್ಕಿತು ಎಂಬಲ್ಲಿ ದಾರಿ ಕವಲೊಡೆದಿದೆ.

ಅದಕ್ಕೇ ಈ ಸಲ ಪ್ರಶ್ನೆಪಟ್ಟಿಯ ಕ್ರಮ ಬದಲಿಸಿದೆ. ಈಗಿನ ಸಂಪಾದನೆ ಎಷ್ಟು, ಮನೆ ಸ್ವಂತದ್ದೇ ಎಂಬುದೆಲ್ಲ ಕೊನೆಗೆ ಹೋಯಿತು. ಈಗ ಮೊದಲು ಕೇಳುವುದು: ಮುಂಬಯಿಗೆ ಬಂದ ದಿನ ರಾತ್ರಿ ಎಲ್ಲಿ ಮಲಗಿದಿರಿ? ಆಮೇಲೆ: ಯಾರು ಕರೆತಂದರು, ಮೊದಲ ಕೂಲಿ ಯಾರ ಕೈ ಸೇರಿತು, ಊರಿಗೆ ಯಾವಾಗ ಹೋಗುತ್ತಿದ್ದಿರಿ.

ಹೋಟೆಲಿನ ಮೆಟ್ಟಿಲು

ಕರಾವಳಿಯ ಹಿರಿಯರ ಉತ್ತರ ಬಹುಮಟ್ಟಿಗೆ ಒಂದೇ. ಹೋಟೆಲಿನಲ್ಲೇ ಮಲಗಿದೆವು. ಮಾಟುಂಗಾದಲ್ಲಿ ಕೆಲಸ ಮಾಡಿದ, ಈಗ ಎಂಬತ್ತು ದಾಟಿದ ಹಿರಿಯರೊಬ್ಬರು ವಿವರಿಸಿದ್ದನ್ನು ಹಾಗೇ ಬರೆದುಕೊಂಡೆ: "ರಾತ್ರಿ ಶಟರ್ ಎಳೆದ ಮೇಲೆ ನೆಲ ತೊಳೆಯುವುದು. ಟೇಬಲ್ ನಾಲ್ಕು ಜೋಡಿಸಿದರೆ ಇಬ್ಬರಿಗೆ ಮಂಚ. ನೆಲ ಒಣಗುವ ತನಕ ಕೆಳಗೆ ಮಲಗುವವರು ಕಾಯಬೇಕು. ಬೆಳಿಗ್ಗೆ ನಾಲ್ಕಕ್ಕೆ ಭಟ್ಟರು ಒಲೆ ಹಚ್ಚಿದರೆ ಹೊಗೆಗೇ ಎಚ್ಚರ." ಸಂಬಳ ಎಷ್ಟೆಂದು ಅವರಿಗೆ ನೆನಪಿಲ್ಲ, ಮೊದಲ ವರ್ಷ ಅದು ನೇರ ಊರಿನ ಅಪ್ಪನಿಗೆ ಮನಿ ಆರ್ಡರ್ ಹೋಗುತ್ತಿತ್ತು.

ಮಾಣಿಗಳಿಗೆ ಇದು ಸುಖದ ಬದುಕಾಗಿರಲಿಲ್ಲ. ಹತ್ತು-ಹನ್ನೆರಡರ ಹುಡುಗರನ್ನು ಹಾಗೆ ದುಡಿಸಿದ್ದು ಅನ್ಯಾಯವೇ, ಅದನ್ನು ನಾವು ಹೆಮ್ಮೆಯ ಕಥೆಯಾಗಿ ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಅಲ್ಲಿ ಒಂದು ಏಣಿ ಇತ್ತು. ಗ್ಲಾಸು ತೊಳೆಯುವುದು, ಟೇಬಲ್ ಒರೆಸುವುದು, ಸಪ್ಲೈಯರ್, ಕೊನೆಗೆ ಗಲ್ಲಾ. ಗಲ್ಲಾದ ಮೇಲೆ ಕೂತವನಿಗೆ ವ್ಯವಹಾರ ಪೂರ್ತಿ ತಿಳಿಯುತ್ತಿತ್ತು. ಆಮೇಲೆ ಊರಿನವರ ಚೀಟಿಯಲ್ಲಿ ದುಡ್ಡೆತ್ತಿ, ಇನ್ನೊಬ್ಬರ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಹಿಡಿಯುವುದು. ಲೈಸೆನ್ಸು ಮಾಲೀಕರದ್ದು, ನಡೆಸುವುದು ಇವನು, ತಿಂಗಳಿಗೆ ಇಷ್ಟೆಂದು ಕೊಡುವುದು. ಬಂಡವಾಳವಿಲ್ಲದವನೂ ಮಾಲೀಕನಂತೆ ವ್ಯಾಪಾರ ಕಲಿಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಆಗ ಇನ್ನೊಂದಿರಲಿಲ್ಲ.

ಕಾಲವೂ ಅವರ ಕಡೆಗಿತ್ತು. ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಊರು ಬಿಟ್ಟು ಬಂದ ಗುಮಾಸ್ತರಿಗೆ ಶುಚಿಯಾದ ಸಸ್ಯಾಹಾರದ ಊಟ ಬೇಕಿತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ದರಕ್ಕೆ ಕಟ್ಟಿಹಾಕಿತು. ಹೇಗೋ ಪಗಡಿ, ಅಂದರೆ ಬಾಡಿಗೆ ಹಕ್ಕಿಗೆ ಒಮ್ಮೆಗೇ ಕೊಡುವ ದುಡ್ಡು, ಕೊಟ್ಟು ಒಂದು ಗಾಳೆ (ಅಂಗಡಿ ಜಾಗ) ಹಿಡಿದವನಿಗೆ ಮುಂದಿನ ದಶಕಗಳಲ್ಲಿ ಬಾಡಿಗೆಯ ಭಯವೇ ಇರಲಿಲ್ಲ. ನಮ್ಮವರ ಯಶಸ್ಸಿನ ಕಥೆಗಳಲ್ಲಿ ಈ ಕಾಯ್ದೆಯ ಹೆಸರೇ ಬರುವುದಿಲ್ಲ, ನಾನು ಮಾತಾಡಿಸಿದ ಎಷ್ಟೋ ಕುಟುಂಬಗಳ ಆಸ್ತಿ ನಿಂತಿರುವುದು ಅದರ ಮೇಲೇ.

ಇನ್ನು ರಾತ್ರಿ ಶಾಲೆ. ಫೋರ್ಟ್ ಸುತ್ತಮುತ್ತ ಹೋಟೆಲ್ ಹುಡುಗರಿಗೆಂದೇ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಸಂಜೆಯ ಗಿರಾಕಿ ಕಡಿಮೆಯಾದ ಮೇಲೆ ಹುಡುಗರನ್ನು ಬಿಡುವ ಮಾಲೀಕರಿದ್ದರು, ಬಿಡದವರೂ ಇದ್ದರು. ಎಸ್ಸೆಸ್ಸಿ ಮುಗಿಸಿ ಬ್ಯಾಂಕು, ನಗರದ ಬಸ್ಸು ಓಡಿಸುವ ಬಿ.ಇ.ಎಸ್.ಟಿ., ರೈಲ್ವೆ ಸೇರಿದವರು ಈ ಬೆಂಚಿನಿಂದ ಎದ್ದು ಹೋದವರೇ. ನನ್ನ ಅಜ್ಜನ ತಮ್ಮ ಹಾಗೆ ಓದಿದರು, ಅಜ್ಜನಿಗೆ ಆಗಲಿಲ್ಲ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರ ಎರಡು ಕವಲುಗಳಲ್ಲಿ ಇವತ್ತಿಗೂ ಆ ಅಂತರ ಕಾಣುತ್ತದೆ.

ಬೆನ್ನಿಗೆ ಸಂಘಗಳಿದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು; ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿದರು. ಊರಿನಲ್ಲಿ ಶೇಂದಿ ಇಳಿಸುತ್ತಿದ್ದ, ಗೇಣಿ ಮಾಡುತ್ತಿದ್ದ ಸಮುದಾಯ ಮುಂಬಯಿಯಲ್ಲಿ ಬ್ಯಾಂಕ್ ಕಟ್ಟಿತು ಎಂಬುದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾಕಾ

ಈ ಸಲ ಹೆಚ್ಚು ಹೊತ್ತು ಕಳೆದದ್ದು ನವಿ ಮುಂಬಯಿಯ ನಾಕಾಗಳಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ರಸ್ತೆ ಕೂಡುಗಳಲ್ಲಿ. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಗಾರೆ ಕೆಲಸದ ಗೌಂಡಿಗಳು ತಾಪಿ (ಕರಣೆ) ಹಿಡಿದು, ಬಣ್ಣದವರು ಬ್ರಷ್ ಹಿಡಿದು, ಹೆಂಗಸರು ಗಾರೆ ಹೊರುವ ಘಮೇಲಾ ಬುಟ್ಟಿ ಮಗುಚಿ ಅದರ ಮೇಲೆ ಕೂತು ಕಾಯುತ್ತಾರೆ. ಮಳೆ ಹಿಡಿದರೆ ಕರೆಯಲು ಯಾರೂ ಬರುವುದಿಲ್ಲ. ಅಂಥ ದಿನ ಅವರಿಗೆ ಕೂಲಿ ಇರುವುದಿಲ್ಲ, ನನ್ನ ಜೊತೆ ಮಾತಿಗೆ ಸಮಯ ಇರುತ್ತದೆ. ಹಾಗಾಗಿ ಚಹಾ-ನಾಷ್ಟಾದ ಖರ್ಚು ನನ್ನದು ಎಂದು ಮಾಡಿಕೊಂಡಿದ್ದೇನೆ. ವಿಜಯಪುರ ಕಡೆಯ ಗೆಳೆಯರೊಬ್ಬರು ಜೊತೆಗಿದ್ದುದರಿಂದ ಮಾತು ಸಲೀಸಾಯಿತು. ನನ್ನ ಮಂಗಳೂರು ಕನ್ನಡಕ್ಕೆ ಜನ ಸ್ವಲ್ಪ ಬಿಗಿಯಾಗಿ ಕೂರುತ್ತಿದ್ದರು.

ಮೊದಲ ರಾತ್ರಿ ಎಲ್ಲಿ? "ಸ್ಟೇಷನ್ನಾಗ." "ಕಟ್ಟೋ ಬಿಲ್ಡಿಂಗ್ ಕೆಳಗ, ಸಿಮೆಂಟ್ ಚೀಲ ಹಾಸಿ." "ನಮ್ಮ ತಾಂಡಾದವರ ಖೋಲಿಯಾಗ, ಹನ್ನೊಂದ್ ಮಂದಿ ಇದ್ವಿ." ಹೋಟೆಲಿಗೆ ಹುಡುಗ ಒಬ್ಬನೇ ಬಂದ, ನಾಕಾಗೆ ಗಂಡ, ಹೆಂಡತಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಇನ್ನೊಂದು. ಒಬ್ಬ ಹುಡುಗನನ್ನು ನಾಲ್ಕು ಟೇಬಲ್ ಮೇಲೆ ಮಲಗಿಸಬಹುದು. ಒಂದು ಸಂಸಾರಕ್ಕೆ ಮನೆಯೇ ಬೇಕು, ಈ ನಗರದಲ್ಲಿ ಎಲ್ಲಕ್ಕಿಂತ ತುಟ್ಟಿ ಅದೇ.

ಕೂಲಿಯವರ ಮೇಸ್ತ್ರಿಯಾದ ಮುಕಾದಮರೊಬ್ಬರು ತಮ್ಮ ಹಾಜರಿ ಪುಸ್ತಕ ತೋರಿಸಿದರು. ಜೇಬಿನಲ್ಲಿಡುವಷ್ಟು ಚಿಕ್ಕದು, ಬೆವರಿಗೆ ಅಂಚು ಮೆತ್ತಗಾಗಿದೆ. ಒಂದು ಹೆಸರಿಗೆ ಒಂದು ಸಾಲು. ಪೂರ್ತಿ ದಿನಕ್ಕೆ ಒಂದು ಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ, ಬಾರದ ದಿನ ಖಾಲಿ. ಎದುರು ಪುಟದಲ್ಲಿ ವಾರದ ಖರ್ಚಿ. ಅಕ್ಕಿ-ಎಣ್ಣೆಗೆಂದು ಶನಿವಾರ ಕೊಡುವ ಆ ದುಡ್ಡು ಕೊನೆಯ ಲೆಕ್ಕದಲ್ಲಿ ಮುರಿದುಹೋಗುತ್ತದೆ, ಊರಲ್ಲಿ ಕೊಟ್ಟ ಮುಂಗಡವೂ ಮುರಿಯುತ್ತದೆ. ಒಬ್ಬಾಕೆಯ ಸಾಲಿನಲ್ಲಿ ನಡುವೆ ಹತ್ತಾರು ದಿನ ಖಾಲಿ. ಹೆರಿಗೆ ಎಂದರು. ಅವಳ ಗಂಡನ ಸಾಲಿನಲ್ಲೂ ಅದೇ ವಾರ ನಾಲ್ಕು ಖಾಲಿ. ಗೌಂಡಿಯ ಕೂಲಿಗಿಂತ ಅವನ ಕೈಕೆಳಗೆ ಹೊರುವ ಬಿಗಾರಿಯ ಕೂಲಿ ಕಡಿಮೆ, ಬಿಗಾರಿ ಹೆಂಗಸಾದರೆ ಇನ್ನೂ ಕಡಿಮೆ. ಅದನ್ನು ಪುಸ್ತಕದಲ್ಲಿ ಬರೆಯುವ ಅಗತ್ಯವೇ ಇಲ್ಲ, ಎಲ್ಲರಿಗೂ ಗೊತ್ತು.

ಇಲ್ಲಿ ಏಣಿ ಎಲ್ಲಿದೆ ಎಂದು ಹುಡುಕಿದೆ. ಬಿಗಾರಿ ಗೌಂಡಿಯಾಗುವುದುಂಟು, ಗೌಂಡಿ ಚಿಕ್ಕ ಠೇಕೇದಾರನಾಗುವುದುಂಟು. ಹೆಂಗಸರಿಗೆ ಮಾತ್ರ ಮೊದಲ ಮೆಟ್ಟಿಲೇ ಕೊನೆಯದು. ತಾಪಿ ಹಿಡಿದ ಹೆಂಗಸು ಒಬ್ಬಳೂ ನನಗೆ ಸಿಗಲಿಲ್ಲ.

ಕಾಗದಗಳು

ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲಿ ಬಂತು. ಕಟ್ಟುವವರಿಂದ ಸೆಸ್ ವಸೂಲಾಗುತ್ತದೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಸೌಲಭ್ಯ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ನಾಕಾದವರು ವರ್ಷಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಾರೆ. ಆದರೆ ಇವತ್ತು ಒಬ್ಬರ ಬಳಿ, ನಾಳೆ ಇನ್ನೊಬ್ಬರ ಬಳಿ ದುಡಿದವರ 90 ದಿನಕ್ಕೆ ಸಹಿ ಹಾಕುವವರು ಯಾರು? ಅದೇ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಶಿಶುಗೃಹ ಇರಬೇಕೆಂದಿತ್ತು. ನಾಕಾದಿಂದ ಕರೆದೊಯ್ಯುವ ಕೆಲಸಗಳಲ್ಲಿ ಇರುವುದು ಇಬ್ಬರು, ಮೂವರು.

ಜಾತಿ ಪ್ರಮಾಣಪತ್ರದ ವಿಷಯ ತಿಳಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರೆನಿಸಿಕೊಳ್ಳುವ ಅವರು ವಿಮುಕ್ತ ಜಾತಿಗಳೆಂಬ ಬೇರೆಯೇ ಪಟ್ಟಿಯಲ್ಲಿದ್ದಾರೆ. ಇಲ್ಲಿ ಆ ಪತ್ರ ಬೇಕಾದರೆ ಕುಟುಂಬ 1961ರ ನವೆಂಬರ್ 21ಕ್ಕೂ ಮೊದಲಿನಿಂದ ಮಹಾರಾಷ್ಟ್ರದಲ್ಲಿತ್ತೆಂದು ತೋರಿಸಬೇಕು. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ವಲಸೆ ಹೋದ ಇನ್ನೊಂದು ರಾಜ್ಯದಲ್ಲಿ ಅದೇ ಸೌಲಭ್ಯ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹೀಗೆ ಇಲ್ಲೇ ಹುಟ್ಟಿ ಇಲ್ಲೇ ಓದುವ ಮಗು ಅತ್ತ ಕರ್ನಾಟಕದ ಸೌಲಭ್ಯ ಬಳಸಲಾಗದೆ, ಇತ್ತ ಮಹಾರಾಷ್ಟ್ರದ್ದೂ ಸಿಗದೆ ಸಾಮಾನ್ಯ ವರ್ಗದ ಶುಲ್ಕ ಕಟ್ಟುತ್ತದೆ. ಝೋಪಡಿಯ ಉಚಿತ ಪುನರ್ವಸತಿಗೂ ಹೀಗೇ ಒಂದು ದಿನಾಂಕ, 2000ದ ಜನವರಿ 1. ಬಿತ್ತನೆಗೆ, ರಾಶಿಗೆ ಊರಿಗೆ ಹೋಗಿ ಬರುವ ಕುಟುಂಬಕ್ಕೆ ಒಂದೇ ಜಾಗದಲ್ಲಿದ್ದೆವೆಂದು ರುಜುವಾತು ಮಾಡುವುದು ಬಹಳ ಕಷ್ಟ.

ಒಳ್ಳೆಯ ಸುದ್ದಿ ಒಂದು: ರೇಷನ್ ಕಾರ್ಡು ಈಗ ಯಾವ ರಾಜ್ಯದಲ್ಲೂ ನಡೆಯುತ್ತದೆ. ತಾಂಡಾದಲ್ಲಿರುವ ಮುದುಕರು ಅಲ್ಲಿಯ ಪಾಲನ್ನೂ ಇವರು ಇಲ್ಲಿಯ ಪಾಲನ್ನೂ ಎತ್ತಬಹುದು. ನಾಕಾದಲ್ಲಿ ಅನೇಕರಿಗೆ ಇದು ಗೊತ್ತಿರಲಿಲ್ಲ.

ಹೊರಟ ನೆಲ

ನಕ್ಷೆಯ ಇನ್ನೊಂದು ತುದಿಯನ್ನೂ ತುಂಬಿಸುತ್ತಿದ್ದೇನೆ. ಮಂಗಳೂರಿಗೆ ಬಾಸೆಲ್ ಮಿಶನ್ ಬಂದದ್ದು 1834ರಲ್ಲಿ; ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಆಮೇಲೆ ಒಂದೊಂದಾಗಿ ಬಂದವು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಭೂಮಿ ಕಳೆದುಕೊಂಡ ಬಂಟರ ಮನೆಗಳಿಂದಲೂ ಹುಡುಗರು ಮುಂಬಯಿಗೆ ಹೊರಟರು. ಅತ್ತ ತೊಗರಿಯ ಸೀಮೆಯಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. 1972ರ ಬರದಲ್ಲಿ ಮನೆ ಬಿಟ್ಟ ಮಾತನ್ನು ಈಗಲೂ ಹಿರಿಯರು ಹೇಳುತ್ತಾರೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ಒಂದೇ ರಾಜ್ಯ!

ಇಬ್ಬರೂ ಕೂಡುವ ಜಾಗ

ಎರಡು ದಾರಿಗಳು ನಕ್ಷೆಯಲ್ಲಿ ಎಲ್ಲೂ ಸೇರುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ಒಂದು ಕಡೆ ಸೇರಿದವು: ಕನ್ನಡ ಮಾಧ್ಯಮದ ಶಾಲೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ನಮ್ಮ ಸಂಘ-ಸಂಸ್ಥೆಗಳು ಕಟ್ಟಿದ ಕನ್ನಡ ಶಾಲೆಗಳೂ ಇವೆ. ಕರಾವಳಿಯ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಬಹಳ ಕಾಲವಾಯಿತು. ಆ ಬೆಂಚುಗಳಲ್ಲಿ ಈಗ ಕೂತಿರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಕೂಲಿಕಾರರ ಮಕ್ಕಳು. ಮುಂಬಯಿಯಲ್ಲಿ ಕನ್ನಡ ಶಾಲೆ ಉಳಿದಿದ್ದರೆ ಈ ಮಕ್ಕಳಿಂದ. ನಾನು ಹೋಗಿದ್ದ ಶಾಲೆಯ ಟೀಚರ್ ಹೇಳಿದರು: ದಾಖಲಾತಿ ಜೂನ್‌ನಲ್ಲಿ ಮುಗಿದರೂ ಮಕ್ಕಳು ದಸರಾ ತನಕ ಬರುತ್ತಲೇ ಇರುತ್ತಾರೆ, ಊರಿನಿಂದ ಮರಳಿದಂತೆಲ್ಲ, ಟಿ.ಸಿ. ಇಲ್ಲವೆಂದು ಯಾರನ್ನೂ ವಾಪಸು ಕಳಿಸಿಲ್ಲ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನರ್ಸಿಂಗ್ ಓದಬೇಕೆಂದಳು. ಶುಲ್ಕದ ಮಾತು ಬಂದಾಗ ಟೀಚರ್ ಮುಖ ನೋಡಿದಳು.

ನಮ್ಮ ಸಂಘಗಳಲ್ಲಿ ವಿದ್ಯಾರ್ಥಿವೇತನದ ನಿಧಿಗಳಿವೆ, ಹೆಚ್ಚಿನವು ಆಯಾ ಜಾತಿಯ ಮಕ್ಕಳಿಗೆ. ಅವರ ದುಡ್ಡು, ಅವರ ನಿಯಮ. ಆ ಹಕ್ಕು ಅವರಿಗಿದೆ. ಆದರೂ ರಾತ್ರಿ ಶಾಲೆಯಲ್ಲಿ ಓದಿ ದೊಡ್ಡವರಾದವರು ಈ ಬೆಂಚಿನ ಮಕ್ಕಳನ್ನು ತಮ್ಮವರೆಂದುಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಇಬ್ಬರು ಹಿರಿಯರ ಮುಂದೆ ಈ ಮಾತಿಟ್ಟಿದ್ದೇನೆ. ಒಬ್ಬರು ಯೋಚಿಸೋಣ ಎಂದರು. ಇನ್ನೊಬ್ಬರು ಆ ಹುಡುಗಿಯ ಮೊದಲ ವರ್ಷದ ಶುಲ್ಕದ ವಿವರ ಕಳಿಸು ಎಂದರು. ಕಳಿಸಿದ್ದೇನೆ.

ಮುಂದಿನ ಕೆಲಸ: ದಕ್ಷಿಣ ಮುಂಬಯಿಯಲ್ಲಿ, ಕಫ್ ಪರೇಡಿನ ಸಮುದ್ರದಂಚಿನ ಲಂಬಾಣಿ ಕುಟುಂಬಗಳ ಮಾತುಕತೆ ಇನ್ನೂ ಬಾಕಿ. ನಾಕಾದ ಮುಕಾದಮರು ತಮ್ಮ ಹಾಜರಿ ಪುಸ್ತಕದಿಂದ 90 ದಿನದ ಪಟ್ಟಿ ತೆಗೆದುಕೊಡಲು ಒಪ್ಪಿದ್ದಾರೆ. ಅದನ್ನು ಇಟ್ಟುಕೊಂಡು ನೋಂದಣಿಗೆ ಅರ್ಜಿ ಹಾಕುವ ಮೊದಲ ಗುಂಪಿನಲ್ಲಿ ಹೆಂಗಸರ ಹೆಸರುಗಳೇ ಮುಂದಿರಬೇಕೆಂದು ಗೆಳೆಯರೂ ನಾನೂ ಮಾತಾಡಿಕೊಂಡಿದ್ದೇವೆ. ದೀಪಾವಳಿಗೆ ಜನ ತಾಂಡಾಗಳಿಗೆ ಹೊರಡುವ ಮುನ್ನ ಅರ್ಜಿಗಳು ಹೋಗಬೇಕು.