ಕ್ವೀನ್ಸ್‌ಲ್ಯಾಂಡಿನ ಡುಬ್ಬದ ದನಗಳು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಕ್‌ಹ್ಯಾಂಪ್ಟನ್ ಊರಲ್ಲಿ ರಸ್ತೆ ನಡುವೆ ಹೋರಿಗಳ ಪ್ರತಿಮೆ ನಿಲ್ಲಿಸಿದ್ದಾರೆ. ಮಕರ ಸಂಕ್ರಾಂತಿ ವೃತ್ತದ ಮೇಲಿರುವ ಈ ಊರಿನ ಬದುಕೇ ಮಾಂಸದ ದನ. ಬ್ರಾಹ್ಮನ್ ಎಂಬ ತಳಿಯ ಡುಬ್ಬ, ಜೋಲುವ ಗಂಗೆದೊಗಲು ಕಂಡರೆ ನಮ್ಮವರಿಗೆ ಗುರುತು ಹತ್ತುವುದು ಸಹಜ. ಗಿರ್, ಕಾಂಕ್ರೇಜ್, ಓಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯನ್ನೂ ಬೆರೆಸಿ ಅಮೆರಿಕದವರು ಕಟ್ಟಿದ ತಳಿ ಅದು. 1933ರಲ್ಲಿ ಅಲ್ಲಿಂದ ಇಲ್ಲಿಗೆ ಬಂತು.

ಬ್ರಿಟನ್ನಿನಿಂದ ಬಂದ ಹೆರ್‌ಫರ್ಡ್, ಶಾರ್ಟ್‌ಹಾರ್ನ್ ದನಗಳು ಇಲ್ಲಿನ ಬಿಸಿಲು, ಉಣ್ಣಿಗಳಿಗೆ ಸೊರಗುತ್ತಿದ್ದವು. ಬ್ರಾಹ್ಮನ್ ಎರಡನ್ನೂ ತಾಳುತ್ತದೆ. ಆದರೆ ಅದರ ಕಡಸು ಬೆದೆಗೆ ಬರುವುದು ತಡ, ಕರು ಹಾಕಿದ ಹಸು ಮತ್ತೆ ಬೆದೆಗೆ ಬರುವುದೂ ತಡ. ಬ್ರಾಹ್ಮನ್ ರಕ್ತದ ಪಾಲು ಹೆಚ್ಚಿದಂತೆ ಮಾಂಸವೂ ಗಡಸು. ಹಾಗಾಗಿ ಬ್ರಿಟನ್ನಿನ ದನ, ಬ್ರಾಹ್ಮನ್ ಎರಡನ್ನೂ ಕೂಡಿಸಿದರು. ಡ್ರೌಟ್‌ಮಾಸ್ಟರ್ ಎಂಬ ತಳಿ ಹುಟ್ಟಿದ್ದು ಹೀಗೆ.

ಮೊದಲ ಪೀಳಿಗೆಯ ಮಿಶ್ರತಳಿ ಕರು ನೋಡಿದರೆ ಯಾರಾದರೂ ಮರುಳಾಗಬೇಕು. ಬೇಗ ಬೆಳೆಯುತ್ತದೆ, ಗಟ್ಟಿಮುಟ್ಟು. ಅದನ್ನೇ ತಳಿ ಸುಧಾರಣೆ ಎಂದುಕೊಂಡರೆ ಮಾತ್ರ ಕೆಟ್ಟೆವು. ಹೈಬ್ರಿಡ್ ಜೋಳದ ತೆನೆಯಿಂದ ಬೀಜ ಎತ್ತಿಟ್ಟು ಬಿತ್ತಿದ ಹಾಗೆ, ಮಿಶ್ರತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಆ ಹುರುಪು ಇಳಿಯುತ್ತದೆ. ಲೆಕ್ಕದ ಪ್ರಕಾರ ಎರಡು ತಳಿ ಸಮಪಾಲಾಗಿ ಬೆರೆತ ಹಿಂಡಿನಲ್ಲಿ ಉಳಿಯುವುದು ಅರ್ಧ, ನಾಲ್ಕು ತಳಿ ಬೆರೆತರೆ ಮುಕ್ಕಾಲು. ಇಲ್ಲಿ ಹಲವರು ಮೂರು ನಾಲ್ಕು ತಳಿಯ ಹಿಂಡು ಕಟ್ಟುವುದಕ್ಕೆ ಇದೂ ಒಂದು ಕಾರಣ.

ನಿಜವಾದ ಕೆಲಸ ಬೆರಕೆಯಾದ ಮೇಲೆ ಶುರು: ಅಳೆಯುವುದು, ಆರಿಸುವುದು. ಇದು ಬೇಸರದ ಕೆಲಸ, ಫೋಟೋಗೆ ಸಿಗುವಂಥದ್ದಲ್ಲ. ದನದ ಒಂದು ಮಗ್ಗುಲಲ್ಲಿ ರಕ್ತ ಹೀರಿ ಊದಿದ ಉಣ್ಣಿ ಎಷ್ಟಿವೆ ಎಂದು ಎಣಿಸುತ್ತಾರೆ. ಕಡಸುಗಳ ಅಂಡಾಶಯವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಯಾವುದು ಮೊದಲು ಬೆದೆಗೆ ಬಂತು ಎಂದು ಬರೆದಿಡುತ್ತಾರೆ. ಬೇಗ ಬೆದೆಗೆ ಬರುವ ಗುಣ ಸಾಕಷ್ಟು ಮಟ್ಟಿಗೆ ರಕ್ತದಲ್ಲೇ ಇಳಿದುಬರುತ್ತದೆ, ಹಾಗಾಗಿ ಈ ಶ್ರಮಕ್ಕೆ ಫಲವಿದೆ. ಮೈಕಟ್ಟು ನೋಡಿ ಹೋರಿ ಕೊಳ್ಳುವವರು ಇಲ್ಲೂ ಬೇಕಾದಷ್ಟಿದ್ದಾರೆ ಬಿಡಿ. ಆದರೆ ಹೋರಿಯ ಮಗಳು ಯಾವಾಗ ಗಬ್ಬ ಕಟ್ಟುತ್ತಾಳೆ ಎನ್ನುವುದು ಅದರ ಬೆನ್ನಿನ ಮೇಲೆ ಬರೆದಿರುವುದಿಲ್ಲ.

ಈಗ ಬಾಲದ ಕೂದಲು ಕಿತ್ತು ಡಿಎನ್‌ಎ ಪರೀಕ್ಷೆಗೂ ಕಳಿಸುತ್ತಾರೆ. ಅದರಲ್ಲೂ ಒಂದು ತೊಡಕು: ಡಿಎನ್‌ಎ ನೋಡಿ ದನದ ಗುಣ ಹೇಳಲು ಒಂದು ತಳಿಯ ಮೇಲೆ ಮಾಡಿದ ಅಂದಾಜು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಮಿಶ್ರತಳಿಯ ಹಿಂಡಿಗೆ ಅಂಥದ್ದೇ ದನಗಳನ್ನು ಅಳೆದ ದಾಖಲೆ ಬೇಕು. ಆದರೂ ಇಲ್ಲಿನ ವಿಶಾಲ ಬಯಲುಗಳಲ್ಲಿ ಹಸುಗಳ ಜೊತೆ ಹಲವು ಹೋರಿಗಳನ್ನು ಒಟ್ಟಿಗೇ ಬಿಡುವುದರಿಂದ ಕರುವಿನ ಅಪ್ಪ ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ; ಅಷ್ಟನ್ನಾದರೂ ಆ ಕೂದಲು ಹೇಳುತ್ತದೆ.